ತೇಲುಬುರುಡೆಯ ವಾರ್ತೆ ಮತ್ತು ಆಕಾಶದ ಗದ್ದಲ: ಅಲೆಮಾಪನದ ಚರಿತ್ರೆಯಲ್ಲೊಂದು ಅಧ್ಯಾಯ

ಶಾಸನಗಳನ್ನು ಓದುವವರಿಗೆ ತ್ರುಟಿತ ಭಾಗಗಳ ಪರಿಚಯ ಚೆನ್ನಾಗಿಯೇ ಇರುತ್ತದೆ. ಕಲ್ಲಿನ ಒಂದು ಮೂಲೆ ಒಡೆದು ದಾನಿಯ ಹೆಸರೋ ತಿಥಿಯೋ ಅಳಿಸಿಹೋಗಿದ್ದರೆ, ಪ್ರತಿ ಮಾಡುವವನು ಅಲ್ಲಿ ಚುಕ್ಕಿಗಳನ್ನಿಟ್ಟು ಮುಂದೆ ಸಾಗುತ್ತಾನೆ. ಕಡಲ ಅಲೆಗಳ ಎತ್ತರವನ್ನು ಬರೆದಿಟ್ಟ ಕಾಗದದ ಸುರುಳಿಗಳಲ್ಲಿಯೂ ಇಂಥ ತ್ರುಟಿತಗಳುಂಟು. ಲೇಖನಿ ಕೆಲವೆಡೆ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿದು ಮುಳ್ಳಿನಂಥ ಗೆರೆಯನ್ನೆಳೆದಿರುತ್ತದೆ. ಕೆಲವೆಡೆ ಅರ್ಥವಿಲ್ಲದೆ ನಡುಗಿರುತ್ತದೆ. ಇನ್ನು ಕೆಲವೆಡೆ ಗಂಟೆಗಟ್ಟಲೆ ಬರಹವೇ ಇರುವುದಿಲ್ಲ. ಬಂದರು ಕಟ್ಟುವ ಎಂಜಿನಿಯರನಿಗೆ ಇವು ಬಿಟ್ಟುಬಿಡಬೇಕಾದ ಕೊರತೆಗಳು. ಆದರೆ ಈ ದಾಖಲೆಯನ್ನು ಚರಿತ್ರೆಯ ಆಕರವೆಂದು ಎಣಿಸುವವನು ಒಂದು ಪ್ರಶ್ನೆಯನ್ನು ಕೇಳಲೇಬೇಕಾಗುತ್ತದೆ. ಶಾಸನದ ಕಲ್ಲು ಸವೆಯುವಾಗ ಅಲ್ಲಿ ಬರೆದಿರುವ ವಿಷಯ ಯಾವುದೆಂದು ನೋಡಿ ಸವೆಯುವುದಿಲ್ಲ. ಅಲೆಯ ದಾಖಲೆ ಹರಿದುಹೋಗುವುದೂ ಹಾಗೆಯೇ ವಿಷಯನಿರಪೇಕ್ಷವಾಗಿಯೆ, ಅಥವಾ ಹೇಳಬೇಕಾದ ಮಾತು ದೊಡ್ಡದಾದಷ್ಟೂ ಅದು ಹರಿಯುವ ಸಂಭವವೂ ಹೆಚ್ಚುತ್ತದೆಯೆ?

ಪರಿಭಾಷೆಯ ಬಗ್ಗೆ ಎರಡು ಮಾತು. ಕಡಲಿನದನ್ನು ಇಲ್ಲಿ ಅಲೆಯೆಂದೂ ರೇಡಿಯೋವಿನದನ್ನು ತರಂಗವೆಂದೂ ಕರೆದಿದೆ. ಲಂಗರು ಹಾಕಿ ನೀರಿನ ಮೇಲೆ ತೇಲಬಿಟ್ಟ ಉಪಕರಣಕ್ಕೆ ತೇಲುಬುರುಡೆ ಎಂಬ ಹೆಸರನ್ನು ಬಳಸಿದೆ. ಎರಡು ತರಂಗಗಳು ಒಂದರ ಮೇಲೊಂದು ಬಿದ್ದು ಕೂಡುವುದನ್ನೂ, ಒಬ್ಬನ ಪ್ರಸಾರದೊಳಗೆ ಇನ್ನೊಬ್ಬನ ಪ್ರಸಾರ ನುಗ್ಗುವುದನ್ನೂ ಇಂಗ್ಲಿಷಿನಲ್ಲಿ ಒಂದೇ ಮಾತಿನಿಂದ ಸೂಚಿಸುತ್ತಾರೆ. ಕನ್ನಡದಲ್ಲಿ ಮೊದಲನೆಯದಕ್ಕೆ ವ್ಯತಿಕರಣ ಎಂಬ ಶಬ್ದ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿರುವುದರಿಂದ ಎರಡನೆಯದನ್ನು ಅಡಚಣೆ ಎಂದು ಕರೆದರೆ ಗೊಂದಲವಿರದು. ಯಾರೂ ಕಳುಹಿಸದೆ ತಾನಾಗಿ ಬಂದು ಸೇರುವ ಸದ್ದನ್ನು ಗದ್ದಲವೆಂದು ಕರೆಯೋಣ.

ಅಲೆಗಳ ಕ್ರಮಬದ್ಧ ದಾಖಲೆ ಆರಂಭವಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಸೈನ್ಯವನ್ನು ತೀರಕ್ಕಿಳಿಸಬೇಕಾದರೆ ಅಲೆಯ ಮುನ್ಸೂಚನೆ ಬೇಕಾಗಿತ್ತು. 1944ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್ನಿನಲ್ಲಿದ್ದ ನೌಕಾ ಇಲಾಖೆಯ ಸಂಶೋಧನಾಲಯದಲ್ಲಿ ಜಾರ್ಜ್ ಡೀಕನ್ ಅವರ ನೇತೃತ್ವದಲ್ಲಿ ಒಂದು ತಂಡ ಏರ್ಪಟ್ಟಿತು. ಕಾರ್ನ್‌ವಾಲ್ ತೀರದಾಚೆ ಕಡಲತಳದಲ್ಲಿ ಒತ್ತಡಮಾಪಕಗಳನ್ನಿಟ್ಟು, ಕೇಬಲ್ಲಿನ ಮೂಲಕ ಅವುಗಳ ಸೂಚನೆಯನ್ನು ದಡಕ್ಕೆ ತಂದು ಬರೆಯಿಸಿದರು. ಈ ದಾಖಲೆಗಳನ್ನು ಆಧರಿಸಿ ಬಾರ್ಬರ್ ಮತ್ತು ಉರ್ಸೆಲ್ 1948ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಈ ಶಾಸ್ತ್ರದ ಅಡಿಗಲ್ಲಾಗಿ ಉಳಿದಿದೆ. ಸಾವಿರಾರು ಮೈಲಿ ದೂರದ ಬಿರುಗಾಳಿಯೊಂದು ಎಬ್ಬಿಸಿದ ಉಬ್ಬಲೆಗಳನ್ನು ಕಾರ್ನ್‌ವಾಲಿನ ಸುರುಳಿಯಲ್ಲಿ ಅವರು ಗುರುತಿಸಬಲ್ಲವರಾದರು. ಕೇಬಲ್ಲಿನ ಸೂಚನೆಗೆ ಆಕಾಶದ ಗದ್ದಲದ ಭಯವಿರಲಿಲ್ಲವೆಂಬುದನ್ನು ಗಮನಿಸಬೇಕು. ಆದರೆ ಕೇಬಲ್ಲು ಉಪಕರಣವನ್ನು ದಡಕ್ಕೆ ಕಟ್ಟಿಹಾಕಿತ್ತು. ಆಳದ ನೀರಿನಲ್ಲಿ ಸಣ್ಣ ಅಲೆಗಳ ಒತ್ತಡ ತಳದವರೆಗೆ ತಲಪುವುದೂ ಇಲ್ಲ. ಕಡಲ ಮೇಲ್ಮೈಯನ್ನೇ ಅಳೆಯಬೇಕಾದರೆ ಮಾಪಕ ತೇಲಬೇಕು. ತೇಲುವ ಮಾಪಕ ದಡದೊಡನೆ ಮಾತಾಡಬೇಕಾದರೆ ರೇಡಿಯೋ ಬೇಕು.

ತೇಲುವ ಬುರುಡೆಗೆ ನೆಲವೆಂಬುದಿಲ್ಲ. ತಾನು ಎಷ್ಟು ಎತ್ತರಕ್ಕೇರಿದೆನೆಂದು ಅದು ಯಾವುದರಿಂದ ಅಳೆಯಬೇಕು? ತನ್ನ ವೇಗೋತ್ಕರ್ಷವನ್ನು ಅಳೆದು ಅದನ್ನು ಎರಡು ಬಾರಿ ಅನುಕಲನ ಮಾಡುವುದೇ ಇದಕ್ಕೆ ದೊರೆತ ಉಪಾಯ. 1950ರ ದಶಕದ ಕೊನೆಯ ವೇಳೆಗೆ ಅಮೆರಿಕದ ನೌಕಾಪಡೆಯ ಡೇವಿಡ್ ಟೇಲರ್ ಮಾಡಲ್ ಬೇಸಿನ್ನಿನವರು ಹಡಗಿನಿಂದ ನೀರಿಗೆಸೆದು ಬಿಟ್ಟುಬಿಡಬಹುದಾದ ಅಗ್ಗದ ಬುರುಡೆಯೊಂದನ್ನು ಸಿದ್ಧಪಡಿಸಿದರು. ಅದಕ್ಕೆ ಸ್ಪ್ಲ್ಯಾಷ್‌ನಿಕ್ ಎಂದು ಹೆಸರು. 1957ರ ಸ್ಪುಟ್ನಿಕ್ಕಿನ ಪ್ರತಿಧ್ವನಿ ಅದರಲ್ಲಿ ಕೇಳಿಸದಿರದು. ಅದು ವೇಗೋತ್ಕರ್ಷವನ್ನು ಹಾಗೆಯೇ ರೇಡಿಯೋ ಮೂಲಕ ಕಳುಹಿಸುತ್ತಿತ್ತು. ಅನುಕಲನದ ಕೆಲಸ ಗ್ರಾಹಕದ ಕಡೆಗೆ ಉಳಿಯುತ್ತಿತ್ತು.

ಇಲ್ಲಿಯೇ ಗದ್ದಲದ ಮೊದಲ ಪಾಠ ದೊರೆಯಿತು. ವೇಗೋತ್ಕರ್ಷದಿಂದ ಎತ್ತರವನ್ನು ಪಡೆಯಬೇಕಾದರೆ ಆವೃತ್ತಿಯ ವರ್ಗದಿಂದ ಭಾಗಿಸಬೇಕು. ಶಕ್ತಿಯ ರೋಹಿತಕ್ಕಾದರೆ ಆವೃತ್ತಿಯ ನಾಲ್ಕನೆಯ ಘಾತದಿಂದ. 5 ಸೆಕೆಂಡಿನ ಅಲೆಗೆ ಹೋಲಿಸಿದರೆ 20 ಸೆಕೆಂಡಿನ ಅಲೆಯ ಆವೃತ್ತಿ ನಾಲ್ಕನೆಯ ಒಂದು ಭಾಗ. ಆದುದರಿಂದ ದಾರಿಯಲ್ಲಿ ಸೇರಿದ ಗದ್ದಲ ಎರಡು ಆವೃತ್ತಿಗಳಲ್ಲಿಯೂ ಸಮವಾಗಿದ್ದರೂ, ಲೆಕ್ಕ ಮುಗಿಯುವಷ್ಟರಲ್ಲಿ ದೀರ್ಘಾವಧಿಯ ಕಡೆ ಅದು 256 ಪಟ್ಟು ಹಿಗ್ಗಿರುತ್ತದೆ. ರೇಡಿಯೋವಿನ ಕರಕರ ಸದ್ದು ಕಾಗದದ ಮೇಲೆ ಗಂಭೀರವಾದ ಮಹಾಸಾಗರದ ಉಬ್ಬಲೆಯಾಗಿ ವೇಷ ಧರಿಸಿ ನಿಲ್ಲುತ್ತದೆ! ಯಾವ ಉಬ್ಬಲೆಗಳು ಬಾರ್ಬರ್ ಮತ್ತು ಉರ್ಸೆಲ್ ಅವರಿಗೆ ದೂರದ ಬಿರುಗಾಳಿಯ ವಾರ್ತೆಯನ್ನು ತಂದಿದ್ದುವೋ, ಅದೇ ಜಾತಿಯ ಉಬ್ಬಲೆಗಳನ್ನು ಗದ್ದಲವು ನಟಿಸಬಲ್ಲುದಾಗಿತ್ತು.

ಇದಕ್ಕೆ ಸಮರ್ಪಕವಾದ ಉತ್ತರ ಬಂದದ್ದು ಹಾಲೆಂಡಿನಿಂದ. 1953ರ ಫೆಬ್ರವರಿ 1ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಒಡ್ಡುಗಳನ್ನೊಡೆದು ಆ ದೇಶದಲ್ಲಿ 1,800ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. ಆಮೇಲೆ ಕೈಗೊಂಡ ಒಡ್ಡುಗಳ ಮಹಾಯೋಜನೆಗೆ ಅಲೆಗಳ ನಿಜವಾದ ಎತ್ತರ ತಿಳಿಯುವುದು ಜೀವನ್ಮರಣದ ಪ್ರಶ್ನೆಯಾಗಿತ್ತು. ಹಾರ್ಲೆಮ್ ನಗರದ ಡೇಟಾವೆಲ್ ಸಂಸ್ಥೆ 1960ರ ದಶಕದಲ್ಲಿ ರೂಪಿಸಿದ ವೇವ್‌ರೈಡರ್ ಎಂಬ ಹಳದಿ ಗೋಳ ಮುಂದೆ ಲೋಕದ ಎಲ್ಲ ತೀರಗಳಲ್ಲಿಯೂ ತೇಲಿತು. ದ್ರವದಲ್ಲಿ ತೂಗುಬಿಟ್ಟ ಒಂದು ಫಲಕ, ಬುರುಡೆ ಎಷ್ಟೇ ಹೊಯ್ದಾಡಿದರೂ ವೇಗೋತ್ಕರ್ಷಮಾಪಕವನ್ನು ನೆಟ್ಟಗೆ ನಿಲ್ಲಿಸುತ್ತದೆ. ಎರಡು ಅನುಕಲನಗಳೂ ಬುರುಡೆಯೊಳಗೆ, ರೇಡಿಯೋವನ್ನು ಸೇರುವ ಮೊದಲೇ ನಡೆದುಹೋಗುತ್ತವೆ. ಹೀಗೆ ಸಿದ್ಧವಾದ ಎತ್ತರವನ್ನು ಒಂದು ಸ್ವರದ ಏರಿಳಿತವಾಗಿ ಮಾರ್ಪಡಿಸಿ, ಆ ಸ್ವರವನ್ನು ರೇಡಿಯೋ ತರಂಗದ ಮೇಲೆ ಹೊರಿಸಿ ಕಳುಹಿಸುತ್ತಾರೆ. ಅಲೆಯ ನೆತ್ತಿಯಲ್ಲಿ ಒಂದು ಸ್ವರ, ತಗ್ಗಿನಲ್ಲಿ ಬೇರೊಂದು. ಗದ್ದಲ ಬಂದರೆ ಆ ಕ್ಷಣದ ಬರಹ ಮಾತ್ರ ಕೆಡುತ್ತದೆ. ತಪ್ಪು ಬೆಳೆಯುತ್ತ ಹೋಗುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಸಣ್ಣ ಮಾರ್ಪಾಟು. ಈ ಲೇಖಕನ ಅಭಿಪ್ರಾಯದಲ್ಲಾದರೋ ಅಲೆಮಾಪನದ ಇತಿಹಾಸದಲ್ಲಿ ಇದಕ್ಕಿಂತ ಜಾಣತನದ ಹೆಜ್ಜೆ ಮತ್ತೊಂದಿಲ್ಲ.

ಸುಮಾರು 25ರಿಂದ 35 ಮೆಗಾಹರ್ಟ್ಸ್‌ವರೆಗಿನ, ಅದರಲ್ಲಿಯೂ 27ರ ಆಸುಪಾಸಿನ ಆವೃತ್ತಿಗಳು ಈ ಬುರುಡೆಗಳ ಪಾಲಿಗೆ ಬಂದುವು. ಉಪ್ಪುನೀರು ಒಳ್ಳೆಯ ವಿದ್ಯುದ್ವಾಹಕ. ಅದರ ಮೈಯನ್ನಪ್ಪಿಕೊಂಡು ಸಾಗುವ ತರಂಗ ದಿಗಂತದಾಚೆಗೂ ಹರಿಯಬಲ್ಲುದು. ಒಂದು ವಾಟಿಗಿಂತ ಕಡಿಮೆ ಶಕ್ತಿಯ ಪ್ರೇಷಕದಿಂದ ಸುಮಾರು 50 ಕಿಲೋಮೀಟರ್ ದೂರದವರೆಗೆ ವಾರ್ತೆ ಮುಟ್ಟುವುದುಂಟು. ಆದರೆ ಅದೇ ತರಂಗ ಒಣ ಮರಳನ್ನು ಮುಟ್ಟಿದೊಡನೆ ಸೊರಗುತ್ತದೆ. ಗ್ರಾಹಕದ ಆಂಟೆನಾವನ್ನು ಅನುಕೂಲಕ್ಕೆಂದು ದಡದಿಂದ ಹಿಂದಕ್ಕೆ, ಊರಿನ ಕಚೇರಿಯ ಮಾಳಿಗೆಯ ಮೇಲೆ ನೆಟ್ಟರೆ, ಮರಳಿನಿಂದಾದ ನಷ್ಟವೂ ಊರಿನ ಗದ್ದಲವೂ ಒಟ್ಟಿಗೆ ಸೇರುತ್ತವೆ. ವಿದ್ಯುತ್ ಕಂಬಗಳ ಕಿಡಿ, ಮೋಟಾರು ವಾಹನಗಳ ಕಿಡಿ ಎಲ್ಲವೂ ಗ್ರಾಹಕಕ್ಕೆ ವಾರ್ತೆಗಳೇ.

ಅಲ್ಲದೆ, ಆವೃತ್ತಿಗಳ ಈ ಕೇರಿಯಲ್ಲಿ ಬುರುಡೆ ಬರುವುದಕ್ಕೆ ಮೊದಲೇ ಒಕ್ಕಲಿದ್ದರು. 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ 13.56 ಮತ್ತು 27.12 ಮೆಗಾಹರ್ಟ್ಸ್‌ಗಳನ್ನು ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆ ಬಿಟ್ಟುಕೊಟ್ಟಿತ್ತು. ರೋಗಿಯ ಬೆನ್ನಿಗೆ ಕಾವು ಕೊಡುವ ಯಂತ್ರ ಇಲ್ಲಿ ಎಷ್ಟು ಕಿರಿಚಿದರೂ ಯಾರೂ ದೂರುವಂತಿಲ್ಲ. 1958ರಲ್ಲಿ ಅಮೆರಿಕ ದೇಶ ಇದೇ 27 ಮೆಗಾಹರ್ಟ್ಸ್‌ನ ಸುತ್ತಿನ ಪಟ್ಟಿಯನ್ನು ಜನಸಾಮಾನ್ಯರ ಮಾತುಕತೆಗೆ ತೆರೆಯಿತು. ಮೊದಲು 23 ಓಣಿಗಳು; 1977ರ ಜನವರಿಯಿಂದ 40. 1973ರ ತೈಲದ ಬಿಕ್ಕಟ್ಟಿನ ತರುವಾಯ ಲಾರಿ ನಡೆಸುವವರಿಂದ ಆರಂಭವಾದ ಈ ಹವ್ಯಾಸ ದೇಶವ್ಯಾಪಿಯಾಯಿತು. ಬ್ರಿಟನ್ನಿನಲ್ಲಿ 1981ರ ನವೆಂಬರಿನಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ದೊರೆಯಿತು. ಅದಕ್ಕೆ ಮೊದಲು ಕದ್ದು ಮಾತಾಡುವವರು ಅಲ್ಲಿ ಕಡಿಮೆಯೇನೂ ಇರಲಿಲ್ಲ.

ಅಮೆರಿಕದ ಲಾರಿಯವನ ಹರಟೆ ಬೇರೊಂದು ಖಂಡದ ತೀರದ ಬುರುಡೆಗೆ ಹೇಗೆ ಅಡ್ಡಬಂದೀತು ಎಂದು ವಿದ್ಯಾರ್ಥಿಗಳು ಕೇಳಬಹುದು. ಇದು ಸೂರ್ಯನ ಕೈವಾಡ. ಸೂರ್ಯಕಲೆಗಳು ಹೆಚ್ಚಿದ ವರ್ಷಗಳಲ್ಲಿ ಅಯಾನುಮಂಡಲದ ಮೇಲಿನ ಪದರ ಹಗಲಿನಲ್ಲಿ 27 ಮೆಗಾಹರ್ಟ್ಸ್ ತರಂಗಗಳನ್ನೂ ನೆಲಕ್ಕೆ ಹಿಂದಿರುಗಿಸುವಷ್ಟು ದಟ್ಟವಾಗುತ್ತದೆ. ನಾಲ್ಕೇ ವಾಟಿನ ಸಣ್ಣ ಪ್ರೇಷಕದ ಧ್ವನಿ ಆಗ ಸಾಗರಗಳನ್ನು ದಾಟುತ್ತದೆ. 1979ರ ಕೊನೆಗೆ ಸೂರ್ಯಕಲೆಗಳು ಉತ್ಕರ್ಷಕ್ಕೇರಿದುವು. ಆ ಕಾಲದ ಸುರುಳಿಗಳನ್ನು ಓದುವವನು ಹಗಲಿನ ಭಾಗವನ್ನೂ ರಾತ್ರಿಯ ಭಾಗವನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಯುಕ್ತ. ಈ ಬಗೆಯ ಅಡಚಣೆಗೂ ಅಲೆಯ ಎತ್ತರಕ್ಕೂ ಸಂಬಂಧವಿಲ್ಲವೆಂಬುದನ್ನು ಮಾತ್ರ ಇಲ್ಲಿ ಒತ್ತಿ ಹೇಳಬೇಕು. ಅದು ಕಲ್ಲು ಸವೆದಂತೆ. ಶಾಂತವಾದ ದಿನವನ್ನೂ ಬಿರುಸಾದ ದಿನವನ್ನೂ ಭೇದವಿಲ್ಲದೆ ಅಳಿಸುತ್ತದೆ.

ಆಕಾಶದಿಂದಲೇ ಬರುವ ಗದ್ದಲದ ಕಥೆ ಇನ್ನೂ ಹಳೆಯದು. ಅಟ್ಲಾಂಟಿಕ್ ಸಾಗರದಾಚೆಗಿನ ರೇಡಿಯೋ ದೂರವಾಣಿಗೆ ಅಡ್ಡಬರುತ್ತಿದ್ದ ಸದ್ದಿನ ಮೂಲವನ್ನು ಹುಡುಕಲೆಂದು ಬೆಲ್ ಪ್ರಯೋಗಾಲಯದ ಕಾರ್ಲ್ ಜಾನ್ಸ್ಕಿ, ನ್ಯೂಜೆರ್ಸಿಯ ಹೊಲ್ಮ್‌ಡೆಲ್‌ನಲ್ಲಿ, ಮೋಟಾರು ಕಾರಿನ ಚಕ್ರಗಳ ಮೇಲೆ ತಿರುಗುವ ಆಂಟೆನಾವೊಂದನ್ನು ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಆಲಿಸಿದರು. ಹತ್ತಿರದ ಗುಡುಗು, ದೂರದ ಗುಡುಗು, ಇವೆರಡೂ ಅಲ್ಲದ ಒಂದು ನಿರಂತರ ಪಿಸುದನಿ ಎಂದು ಅವರು ಮೂರು ಬಗೆಗಳನ್ನು ಬೇರ್ಪಡಿಸಿದರು. ಆ ಪಿಸುದನಿ ದಿನದಿನವೂ ನಾಲ್ಕು ನಿಮಿಷ ಮುಂಚಿತವಾಗಿ ಬರುತ್ತಿತ್ತು. ಅಂದರೆ ಅದು ಸೂರ್ಯನ ಗಡಿಯಾರವನ್ನು ಬಿಟ್ಟು ನಕ್ಷತ್ರಗಳ ಗಡಿಯಾರವನ್ನು ಅನುಸರಿಸುತ್ತಿತ್ತು. ಅದರ ತವರು ಆಕಾಶಗಂಗೆಯೆಂದು 1933ರಲ್ಲಿ ಅವರು ಪ್ರಕಟಿಸಿದರು. ಅಲೆಬುರುಡೆಯ ಗ್ರಾಹಕವೂ ಈ ಪಿಸುದನಿಯಿಂದ ತಪ್ಪಿಸಿಕೊಳ್ಳಲಾರದು. ಈ ಆವೃತ್ತಿಗಳಲ್ಲಿ ಆಕಾಶಗಂಗೆಯ ಸದ್ದು ಒಳ್ಳೆಯ ಗ್ರಾಹಕದ ಸ್ವಂತ ಸದ್ದನ್ನು ಮೀರಿಸುವುದರಿಂದ, ಗ್ರಾಹಕವನ್ನು ಇನ್ನೆಷ್ಟು ಉತ್ತಮಪಡಿಸಿದರೂ ಒಂದು ಮಿತಿಯಾಚೆಗೆ ಪ್ರಯೋಜನವಿಲ್ಲ. ನಮ್ಮ ಗೌರಿಬಿದನೂರಿನಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ ಆಕಾಶದ ನಕ್ಷೆಯನ್ನು ಬರೆದದ್ದು 34.5 ಮೆಗಾಹರ್ಟ್ಸ್‌ನಲ್ಲಿ ಎಂಬುದು ಇಲ್ಲಿ ನೆನೆಯತಕ್ಕ ವಿಷಯ. ತೀರದ ಅಲೆಮಾಪಕನಿಗೆ ಗದ್ದಲವಾದದ್ದು, ಅದೇ ಆವೃತ್ತಿಗಳ ನೆರೆಯಲ್ಲಿ, ಖಗೋಳಜ್ಞನಿಗೆ ಗ್ರಂಥ.

ಸಿಡಿಲಿನ ಗದ್ದಲದ ವಿಷಯದಲ್ಲಿ ಉಷ್ಣವಲಯದವರಾದ ನಮಗೆ ವಿಶೇಷ ಆಸ್ಥೆಯಿರಬೇಕು. ಸಮಶೀತೋಷ್ಣ ದೇಶಗಳಲ್ಲಿ ಅಳೆದ ಅಂಕಿಗಳು ನಮ್ಮ ಮಳೆಗುಡುಗಿಗೆ ಸಾಲವೆಂಬುದನ್ನು ಕಂಡು, ಉಷ್ಣವಲಯದ ಸಿಡಿಲುಮೋಡ ಹೊರಸೂಸುವ ಗದ್ದಲವನ್ನು ಲೆಕ್ಕಕ್ಕೆ ತಂದವರಲ್ಲಿ ಎಸ್. ವಿ. ಸಿ. ಅಯ್ಯ ಅವರು ಪ್ರಮುಖರು. ಅವರ ಮುಖ್ಯ ಪ್ರಬಂಧವೊಂದು 1955ರಲ್ಲಿ ಪ್ರಕಟವಾಯಿತು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಗಮನವಿದ್ದದ್ದು ಬಾನುಲಿ ಪ್ರಸಾರದ ಆವೃತ್ತಿಗಳ ಕಡೆಗೆ. ಸಿಡಿಲಿನ ಗದ್ದಲ ಆವೃತ್ತಿ ಏರಿದಂತೆ ಕ್ಷೀಣಿಸುವುದರಿಂದ 27 ಮೆಗಾಹರ್ಟ್ಸ್‌ನಲ್ಲಿ ಮುಖ್ಯವಾಗಿ ಹತ್ತಿರದ ಸಿಡಿಲುಗಳೇ ಪೀಡಿಸುತ್ತವೆ.

ಬಿರುಗಾಳಿಯಲ್ಲಿ ಅಲೆಯೂ ದೊಡ್ಡದು, ಸಿಡಿಲೂ ಹೆಚ್ಚು. ಆದುದರಿಂದ ದೊಡ್ಡ ಅಲೆಯ ದಾಖಲೆಯನ್ನು ಸಿಡಿಲೇ ನುಂಗಿರಬೇಕೆಂದು ಕೂಡಲೇ ತೀರ್ಮಾನಿಸಲು ಮನಸ್ಸಾಗುತ್ತದೆ. ಕರ್ನಾಟಕದ ಕರಾವಳಿ ಈ ತೀರ್ಮಾನವನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಸಿಡಿಲಿನ ಋತು ಏಪ್ರಿಲ್, ಮೇ ಮತ್ತು ಅಕ್ಟೋಬರ್. ಅಲೆಯ ಋತುವಾದರೋ ಜೂನ್‌ನಿಂದ ಆಗಸ್ಟ್. ಮುಂಗಾರಿನ ಜಡಿಮಳೆ ಸುರಿಯುವಾಗ ಗುಡುಗು ವಿರಳ. ನಮ್ಮ ಕಡಲಿನಲ್ಲಿ ಎರಡು ಪಂಚಾಂಗಗಳು ಬೇರೆಬೇರೆ. ಇವೆರಡೂ ಕೂಡುವುದು ಮುಂಗಾರಿನ ಹಿಂದುಮುಂದಿನ ಚಂಡಮಾರುತಗಳಲ್ಲಿ. 2021ರ ಮೇ ತಿಂಗಳಿನಲ್ಲಿ ನಮ್ಮ ತೀರದ ಉದ್ದಕ್ಕೂ ಸಾಗಿದ ತೌಕ್ತೆಯಂಥವುಗಳಲ್ಲಿ. ಪರದೇಶದ ಗ್ರಂಥದಲ್ಲಿ ಓದಿದ ನಿಯಮವನ್ನು ಮಲ್ಪೆಗೋ ಹೊನ್ನಾವರಕ್ಕೋ ಅನ್ವಯಿಸುವಾಗ ಈ ಎಚ್ಚರ ಬೇಕು.

ಹಾಗಾದರೆ ಮುಂಗಾರಿನ ದಾಖಲೆ ಸುರಕ್ಷಿತವೆ? ಅಲ್ಲ. ಇನ್ನೊಬ್ಬ ಕಳ್ಳನಿದ್ದಾನೆ, ಅವನೇ ಕಡಲು. ಬುರುಡೆಯ ಆಂಟೆನಾ ಸುಮಾರು ಎರಡು ಮೀಟರಿನ ಕಡ್ಡಿ. ಒಡೆಯುವ ಅಲೆಯ ನೊರೆ ಅದರ ಬುಡವನ್ನು ಮುಚ್ಚಿದಾಗ ಪ್ರಸಾರ ಕ್ಷಣಕಾಲ ಕುಗ್ಗುತ್ತದೆ. ಇದಕ್ಕಿಂತ ಮೂಲಭೂತವಾದ ಕಾರಣವೊಂದನ್ನು 1971ರಲ್ಲಿ ಡೊನಾಲ್ಡ್ ಬ್ಯಾರಿಕ್ ಲೆಕ್ಕ ಹಾಕಿ ತೋರಿಸಿದರು. ಕಡಲಿನ ಮೈ ಒರಟಾದಷ್ಟೂ ಅದರ ಮೇಲೆ ಹರಿಯುವ ತರಂಗ ಹೆಚ್ಚು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದೂರ ಹೆಚ್ಚಿದಂತೆ ಈ ನಷ್ಟವೂ ಹೆಚ್ಚುತ್ತದೆ. ಗದ್ದಲ ಇದ್ದಷ್ಟೇ ಇದ್ದರೂ ಬುರುಡೆಯ ದನಿ ತಗ್ಗುತ್ತದೆ. ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ಅಲೆ ದೊಡ್ಡದಾದಾಗ ಅದರ ವಾರ್ತೆ ತಾನಾಗಿಯೇ ಕ್ಷೀಣಿಸುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಕಡಲಿನಿಂದ ಚದರಿ ಹಿಂದಿರುಗುವ ತರಂಗ ರೇಡಾರಿನವರಿಗೆ ಬಹುಕಾಲ ಬರಿಯ ಕಸವಾಗಿತ್ತು. 1955ರಲ್ಲಿ ನ್ಯೂಜಿಲೆಂಡಿನ ಡಗ್ಲಸ್ ಕ್ರಾಂಬಿ ಆ ಕಸವನ್ನು 13.56 ಮೆಗಾಹರ್ಟ್ಸ್‌ನಲ್ಲಿ ಪರೀಕ್ಷಿಸಿ, ಅದು ಸೆಕೆಂಡಿಗೆ 0.38 ಆವರ್ತದಷ್ಟು ಸ್ಥಳಾಂತರಗೊಂಡಿರುವುದನ್ನು ಕಂಡರು. ತರಂಗದ ಉದ್ದ 22 ಮೀಟರು. ಅದರ ಅರ್ಧದಷ್ಟು, ಅಂದರೆ 11 ಮೀಟರು ಉದ್ದದ ಕಡಲಲೆಗಳು ಸಾಗುವ ವೇಗಕ್ಕೆ ಈ ಸ್ಥಳಾಂತರ ಸರಿಯಾಗಿ ಹೊಂದುತ್ತದೆ. ದಡದಲ್ಲಿ ಕುಳಿತೇ ಕಡಲನ್ನು ಅಳೆಯುವ ಇಂದಿನ ರೇಡಾರುಗಳೆಲ್ಲ ಈ ಒಂದು ಅವಲೋಕನದ ಸಂತಾನ. ಇದರ ಸಿದ್ಧಾಂತವನ್ನು ಬೆಳೆಸಿದವರೂ ಬ್ಯಾರಿಕ್ ಅವರೇ.

ತ್ರುಟಿತದಿಂದಾಗುವ ಹಾನಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ತೋರಿಸಬಹುದು. ಮೂರು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ದಾಖಲೆ ಮಾಡುವುದು ಹಳೆಯ ಪದ್ಧತಿ. ಆಗ ದಿನಕ್ಕೆ ಎಂಟು ದಾಖಲೆಗಳು. ಬಿರುಸಾದ ಒಂದು ದಿನದ ಎತ್ತರಗಳು 2, 2, 3, 4, 5, 5, 4, 3 ಮೀಟರುಗಳೆಂದಿಟ್ಟುಕೊಳ್ಳೋಣ. ಸರಾಸರಿ 3.5. ಗದ್ದಲಕ್ಕೆ ಸಿಕ್ಕಿ ಎರಡು ಐದುಗಳು ಕಳೆದುಹೋದರೆ ಸರಾಸರಿ 3ಕ್ಕೂ ಗರಿಷ್ಠ 4ಕ್ಕೂ ಇಳಿಯುತ್ತವೆ. ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ಅನುಗುಣವಾದುದರಿಂದ ಸರಾಸರಿ ಶಕ್ತಿಯಲ್ಲಿ ಶೇಕಡಾ 28ರಷ್ಟು ಮಾಯವಾಗುತ್ತದೆ. ಎಂಟರಲ್ಲಿ ಆರು ದಾಖಲೆ ದೊರೆತಿವೆ, ತೃಪ್ತಿಕರ ಎಂದು ವಾರ್ಷಿಕ ವರದಿ ಹೇಳೀತು. ಒಡ್ಡಿನ ಕಲ್ಲುಗಳ ತೂಕವನ್ನು ನಿಶ್ಚಯಿಸುವವನು ಮಾತ್ರ ಆ ಎರಡನ್ನೇ ಕೇಳುತ್ತಾನೆ.

ಮುಳ್ಳುಗೆರೆಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಸುತ್ತಲಿನ ಅಲೆಗಳಿಗಿಂತ ಬಹಳ ಎತ್ತರಕ್ಕೆ ಜಿಗಿದ ಗೆರೆಯನ್ನು ರೇಡಿಯೋವಿನ ತಪ್ಪೆಂದು ತೆಗೆದುಹಾಕುವುದು ಸಾಮಾನ್ಯವಾದ ಶುದ್ಧೀಕರಣ. ಬಹುಪಾಲು ಸಂದರ್ಭಗಳಲ್ಲಿ ಅದು ಸರಿಯೂ ಹೌದು. ಆದರೆ 1995ರ ಜನವರಿ 1ರಂದು ಉತ್ತರ ಸಮುದ್ರದ ಡ್ರೌಪ್ನರ್ ವೇದಿಕೆಯ ಲೇಸರ್ ಮಾಪಕ 25.6 ಮೀಟರು ಎತ್ತರದ ಒಂಟಿ ಅಲೆಯನ್ನು ದಾಖಲಿಸಿತು. ಆ ವೇಳೆಯ ಗಣ್ಯ ಎತ್ತರ ಸುಮಾರು 12 ಮೀಟರು. 2020ರ ನವೆಂಬರ್ 17ರಂದು ಕೆನಡಾದ ಯೂಕ್ಲೂಲೆಟ್ ತೀರದಾಚೆ ತೇಲುಬುರುಡೆಯೊಂದೇ 17.6 ಮೀಟರಿನ ಅಲೆಯನ್ನು ಬರೆದುಕೊಂಡಿತು. ಆಗಿನ ಗಣ್ಯ ಎತ್ತರ ಸುಮಾರು 6 ಮೀಟರು. ಹತ್ತಿರ ಹತ್ತಿರ ಮೂರು ಪಟ್ಟು! ಇಂಥ ರಾಕ್ಷಸಾಲೆಗಳು ಕಡಲಿನಲ್ಲಿ ನಿಜವಾಗಿಯೂ ಏಳುತ್ತವೆಂದು ಒಪ್ಪಿದ ಮೇಲೆ, ಹಿಂದಿನ ದಶಕಗಳಲ್ಲಿ ಗದ್ದಲವೆಂದು ಅಳಿಸಿದ ಮುಳ್ಳುಗಳಲ್ಲಿ ಎಷ್ಟು ಅಲೆಗಳಿದ್ದುವೆಂಬ ಸಂಶಯ ಏಳದೆ ಇರದು. ಸುರುಳಿಗಳು ಉಳಿದಿದ್ದರೆ ಪರೀಕ್ಷಿಸಬಹುದಾಗಿತ್ತು. ಅಲೆಯ ಏರಿಕೆಗೆ ಕೆಲವು ಸೆಕೆಂಡುಗಳಾದರೂ ಬೇಕು. ಸಿಡಿಲಿನ ಮುಳ್ಳಿಗೆ ಬೇಡ. ಮುಳ್ಳು ಒಂದು ಕ್ಷಣದ್ದೆ, ಅಥವಾ ಏರಿ ಇಳಿದ ಗುಡ್ಡವೆ ಎಂಬುದು ಕಾಗದದ ಮೇಲೆ ಕಣ್ಣಿಗೆ ಕಾಣುತ್ತದೆ. ಎತ್ತರಗಳ ಕೋಷ್ಟಕವನ್ನು ಮಾತ್ರ ಉಳಿಸಿಕೊಂಡು ಸುರುಳಿಯನ್ನು ರದ್ದಿಗೆ ಹಾಕಿದಲ್ಲಿ ಆ ಸಾಕ್ಷ್ಯ ಇಲ್ಲ.

1980ರ ದಶಕದ ಕೊನೆಗೆ ಬಂದ, ಅಲೆಯ ದಿಕ್ಕನ್ನೂ ಅಳೆಯುವ ಬುರುಡೆಗಳು ಸ್ವರದ ಬದಲು ಅಂಕಿಗಳನ್ನೇ ಕಳುಹಿಸತೊಡಗಿದುವು. ಅಂಕಿಗಳ ಜೊತೆಗೆ ತಪ್ಪನ್ನು ಗುರುತಿಸುವ ಹೆಚ್ಚುವರಿ ಅಂಕಿಗಳೂ ಇರುವುದರಿಂದ, ಗದ್ದಲ ಅಲೆಯ ವೇಷ ಹಾಕುವುದು ಬಹುಮಟ್ಟಿಗೆ ನಿಂತಿತು. ಮುಳ್ಳುಗಳು ಹೋಗಿ ತ್ರುಟಿತಗಳು ಉಳಿದುವು. ಈ ಶತಮಾನದಲ್ಲಿ ಕಾರವಾರ, ಹೊನ್ನಾವರಗಳ ತೀರದಾಚೆಯೂ ಇಂಥ ಬುರುಡೆಗಳು ತೇಲಿ ನಮ್ಮ ಮುಂಗಾರಿನ ಅಲೆಗಳ ಬೆಲೆಯುಳ್ಳ ದಾಖಲೆಗಳನ್ನು ಕೊಟ್ಟಿವೆ. ಈಗ ವಾರ್ತೆ ಉಪಗ್ರಹದ ಮೂಲಕವೂ ಹೋಗಬಹುದು. ಬುರುಡೆಯ ಹೊಟ್ಟೆಯಲ್ಲಿಯೇ ಒಂದು ಪ್ರತಿ ಸಂಗ್ರಹವಾಗುವುದರಿಂದ, ಅದನ್ನು ದಡಕ್ಕೆ ತಂದು ತೆರೆದಾಗ ರೇಡಿಯೋ ಕಳೆದುಕೊಂಡದ್ದನ್ನು ತುಂಬಿಕೊಳ್ಳಬಹುದು. ಎರಡು ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು, ರೇಡಿಯೋವಿನ ಪ್ರತಿಯಲ್ಲಿ ಬಿಟ್ಟುಹೋದ ಗಂಟೆಗಳ ಅಲೆ ಉಳಿದ ಗಂಟೆಗಳ ಅಲೆಗಿಂತ ಎಷ್ಟು ಎತ್ತರವಿತ್ತೆಂದು ಗುಣಿಸಿ ನೋಡುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬನಿಗೆ ಒಂದು ವರ್ಷದ ಒಳ್ಳೆಯ ಕೆಲಸವಾದೀತು. ಸಿಡಿಲಿನ ತಿಂಗಳುಗಳನ್ನೂ ಮುಂಗಾರಿನ ತಿಂಗಳುಗಳನ್ನೂ ಅವನು ಬೇರೆಬೇರೆಯಾಗಿಯೇ ಲೆಕ್ಕಿಸಬೇಕು. ಲಂಗರು ಕಿತ್ತುಕೊಂಡೋ ಮೀನುಬಲೆಗೆ ಸಿಕ್ಕಿಯೋ ಬುರುಡೆ ಕಳೆದುಹೋದ ವರ್ಷಗಳಿಗೆ ಮಾತ್ರ ಈ ತುಲನೆ ಸಾಧ್ಯವಿಲ್ಲ. ಅಲ್ಲಿ ದಡದಲ್ಲಿ ಕೇಳಿಸಿದ್ದಷ್ಟೇ ನಮಗೆ ಉಳಿದಿರುವ ಪಾಠ.